ಮಷಿನ್ ಆಮೇಲೆ, ಮೊದ್ಲು ಬ್ಯಾಟರಿ ನೋಡು ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡ್ದೆ, ಡ್ರಿಲ್ಲು, ಗರಗಸ ಅಂತ ಬ್ಯಾಟರಿಲಿ ಓಡೋ ಏಳು ಮಷಿನ್ ಒಂದೇ ಬ್ಯಾಗಲ್ಲಿ, ಎರಡು ಬ್ಯಾಟರಿ, ಒಂದು ಚಾರ್ಜರ್, ಆಫರ್ ಇವತ್ತಿಗೇ ಮುಗಿಯುತ್ತೆ ತಗೊಂಡ್ಬಿಡ್ಲಾ ಅಂತ ಕೇಳಿದ್ದೀಯ. ಇವತ್ತು ಬೇಡಮ್ಮ. ಮನೆ ಕೆಲಸ ಅಂಗಳದ ಕೆಲಸ ನಾವೇ ಮಾಡ್ಕೋಬೇಕು ಅನ್ನೋ ನಿಮ್ಮಿಬ್ಬರ ಆಸೆ ನೋಡಿ ನಂಗೆ ತುಂಬಾ ಖುಷಿ ಆಯ್ತು, ಅದಕ್ಕೇ ಫೋನಲ್ಲಿ ಎರಡು ಮಾತಲ್ಲಿ ಮುಗಿಸದೆ ಕೂತು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಓದು.

ಮೊದಲನೇ ಮಾತು ಏನಂದ್ರೆ ನೀನು ಡ್ರಿಲ್ ಮಷಿನ್ ತಗೋತಿದೀನಿ ಅಂದ್ಕೊಂಡಿದೀಯ, ನಿಜವಾಗಿ ಒಂದು ಬ್ಯಾಟರಿಗೆ ಗಂಟು ಬೀಳ್ತಿದೀಯ. ಸಾಮಾನ್ಯವಾಗಿ ಒಂದು ಕಂಪನಿ ಬ್ಯಾಟರಿ ಇನ್ನೊಂದು ಕಂಪನಿ ಮಷಿನ್ನಿಗೆ ಕೂರಲ್ಲ, ಕೆಳಗಿನ ಜಾರುಪಟ್ಟಿ ಬೇರೆ, ಪಿನ್ ಬೇರೆ, ಚಾರ್ಜರ್ ಬೇರೆ. ಹೋಗ್ಲಿ ಒಂದೇ ಕಂಪನಿ ಅಂದ್ರೂ ಸಾಲಲ್ಲ, ಬಾಷ್‌ನವರ ಹಸಿರು ಬಣ್ಣದ 18 ವೋಲ್ಟ್ ಬ್ಯಾಟರಿ ಅವರದೇ ನೀಲಿ ಮಷಿನ್ನಿಗೆ ಆಗಲ್ಲ, ಮಕೀಟಾದ 18 ವೋಲ್ಟಿನದು ಅವರದೇ 40 ವೋಲ್ಟಿನ ಮಷಿನ್ನಿಗೆ ಆಗಲ್ಲ. ಇದರ ಎದುರಿಗೆ ರಯೋಬಿಯವರು 1996ರಲ್ಲಿ ಶುರು ಮಾಡಿದ 18 ವೋಲ್ಟ್ ಬ್ಯಾಟರಿಯ ಆಕಾರ ಇವತ್ತಿಗೂ ಬದಲಾಯಿಸಿಲ್ಲ, ಹೊಸ ಲಿಥಿಯಂ ಬ್ಯಾಟರಿ ಹಳೇ ಮಷಿನ್ನಿಗೂ ಕೂರುತ್ತೆ, ಇಂಥದಕ್ಕೆ ನಾನು ಮಾರ್ಕ್ಸ್ ಜಾಸ್ತಿ ಕೊಡ್ತೀನಿ. ನೀನು ಯಾವ ಬ್ರ್ಯಾಂಡ್ ತಗೋ ಅಂತ ನಾನು ಹೇಳಲ್ಲ. ಆದ್ರೆ ನಿಂಗೆ ಹತ್ತಿರದಲ್ಲಿ ಸರ್ವಿಸ್ ಸಿಗುತ್ತಾ, ಬ್ಯಾಟರಿ ಒಂದೇ ಬಿಡಿಯಾಗಿ ಸಿಗುತ್ತಾ, ಆ ಸಾಲಲ್ಲಿ, ಅಂದ್ರೆ ಅದೇ ಬ್ಯಾಟರಿಗೆ ಓಡೋ ಮಷಿನ್‌ಗಳಲ್ಲಿ, ಅಂಗಳದವೂ ಇದ್ಯಾ ಅನ್ನೋದನ್ನ ನೋಡ್ಕೊಂಡು ಆಮೇಲೆ ಕಾಲಿಡು, ಯಾಕಂದ್ರೆ ಮಷಿನ್ ಹತ್ತಾರು ವರ್ಷ ಬಾಳುತ್ತೆ, ಬ್ಯಾಟರಿ ಅಷ್ಟು ಬಾಳಲ್ಲ, ನಾಳೆ ಅದನ್ನ ಮತ್ತೆ ತಗೊಳ್ಳೋವಾಗ ಸಿಗದಿದ್ರೆ ಒಳ್ಳೇ ಮಷಿನ್ನೇ ಮೂಲೆಗೆ ಬೀಳುತ್ತೆ.

ಈಗ ಆ ಡಬ್ಬದ ಮೇಲಿನ ನಂಬರ್‌ಗಳು. ಒಬ್ಬರು 18 ವೋಲ್ಟ್ ಅಂತಾರೆ, ಇನ್ನೊಬ್ಬರು 20 ವೋಲ್ಟ್ ಮ್ಯಾಕ್ಸ್ ಅಂತಾರೆ, 20 ಅಂದ್ರೆ ಜಾಸ್ತಿ ಪವರ್ ಅಂದ್ಕೋಬೇಡ, ಎರಡೂ ಒಂದೇ. ಒಳಗಡೆ ಲಿಥಿಯಂ ಸೆಲ್‌ಗಳನ್ನ ಐದೈದು ಸಾಲಾಗಿ ಜೋಡಿಸಿರ್ತಾರೆ, ಒಂದೊಂದರ ಸರಾಸರಿ ವೋಲ್ಟೇಜ್ 3.6, ಐದಕ್ಕೆ 18. ಫುಲ್ ಚಾರ್ಜ್ ಆದಾಗ ಒಂದೊಂದು 4 ವೋಲ್ಟ್ ದಾಟುತ್ತೆ, ಆ ಲೆಕ್ಕದಲ್ಲಿ 20 ಅಂತ ಬರೀತಾರೆ ಅಷ್ಟೇ. 12 ವೋಲ್ಟ್ ಮ್ಯಾಕ್ಸ್ ಅನ್ನೋದು ಮೂರು ಸೆಲ್ಲಿಂದು, ನಿಜವಾಗಿ 10.8, ಹಾಗೇ 40 ಮ್ಯಾಕ್ಸ್ ಅನ್ನೋದು ಹತ್ತು ಸೆಲ್ಲಿನ 36.

ನೀನು ನೋಡ್ಬೇಕಾದ್ದು ವ್ಯಾಟ್ ಅವರ್, ಅಂದ್ರೆ ಬ್ಯಾಟರಿಲಿ ಒಟ್ಟು ಎಷ್ಟು ಶಕ್ತಿ ತುಂಬುತ್ತೆ ಅನ್ನೋ ಲೆಕ್ಕ. ವೋಲ್ಟನ್ನ ಆಂಪಿಯರ್ ಅವರ್ (Ah) ಅನ್ನೋ ನಂಬರಿಂದ ಗುಣಿಸಿದ್ರೆ ಅದು ಬರುತ್ತೆ, ಬ್ಯಾಟರಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇರ್ತಾರೆ. 18 ವೋಲ್ಟ್ 2 ಆಂಪಿಯರ್ ಅವರಿನ ಬ್ಯಾಟರಿಲಿ 36 ವ್ಯಾಟ್ ಅವರ್ ಇರುತ್ತೆ, 5ರದ್ದರಲ್ಲಿ 90. ಈಗ ಅಂಗಳದ ಎಲೆ ಗುಡಿಸೋ ಬ್ಲೋವರ್ ಫುಲ್ ಸ್ಪೀಡಲ್ಲಿ 500 ವ್ಯಾಟ್ ಎಳೆಯುತ್ತೆ ಅಂತಿಟ್ಕೋ, ಆ 90ರ ದೊಡ್ಡ ಬ್ಯಾಟರಿನೂ ಹತ್ತು ಹನ್ನೊಂದು ನಿಮಿಷಕ್ಕೆ ಖಾಲಿ, ಕಿಟ್ ಜೊತೆ ಬರೋ 36ರದ್ದು ನಾಲ್ಕೂಕಾಲು ನಿಮಿಷಕ್ಕೇ ಕೈ ಕೊಡುತ್ತೆ. ಅದೇ ಬೇಲಿ ಗಿಡ ಕತ್ತರಿಸೋ ಹೆಡ್ಜ್ ಟ್ರಿಮ್ಮರ್ 150 ವ್ಯಾಟ್ ಎಳೆದ್ರೆ ಅದೇ 90ರಲ್ಲಿ 36 ನಿಮಿಷ ಬರುತ್ತೆ. ಡ್ರಿಲ್ಲಿನ ಕಥೆನೇ ಬೇರೆ, ಅದು ಒಂದು ತೂತಿಗೆ ನಾಲ್ಕೈದು ಸೆಕೆಂಡ್ ಓಡುತ್ತೆ ನಿಲ್ಲುತ್ತೆ, ಹಾಗಾಗಿ ಚಿಕ್ಕ ಬ್ಯಾಟರಿನೇ ದಿನವೆಲ್ಲಾ ಬಂದ್ರೂ ಬಂತು. ವ್ಯಾಟ್ ಅವರನ್ನ ಮಷಿನ್ ಎಳೆಯೋ ವ್ಯಾಟಿಂದ ಭಾಗಿಸಿ 60ರಿಂದ ಗುಣಿಸಿದ್ರೆ ನಿಮಿಷ ಬರುತ್ತೆ, ಈ ಒಂದು ಭಾಗಾಕಾರ ಮಾಡೋದು ಕಲ್ತ್ಕೊಂಡ್ರೆ ಅಂಗಡಿಯವ್ರು ಏನೇ ಹೇಳ್ಲಿ ನಿನ್ನ ಕೆಲಸಕ್ಕೆ ಸಾಕಾ ಸಾಲ್ದಾ ಅಂತ ನೀನೇ ಹೇಳ್ಬೋದು.

ಇನ್ನೊಂದು ವಿಷಯ ಇಲ್ಲೇ ಇದೆ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. 2ರ ಬ್ಯಾಟರಿ ಮತ್ತು 5ರ ಬ್ಯಾಟರಿ ಎರಡನ್ನೂ ಕೈಯಲ್ಲಿ ಹಿಡ್ಕೊಂಡು ನೋಡು, ಚಿಕ್ಕದು ತೆಳ್ಳಗೆ ಒಂದು ಪದರ, ಅದರಲ್ಲಿ ಐದೇ ಸೆಲ್. ದೊಡ್ಡದು ದಪ್ಪ, ಸಾಮಾನ್ಯವಾಗಿ ಹತ್ತು ಸೆಲ್, ಐದೈದರ ಎರಡು ಸಾಲು ಜೊತೆಜೊತೆಗೆ. ಮಷಿನ್ ಜೋರಾಗಿ ಕರೆಂಟ್ ಎಳೆದಾಗ ಆ ಭಾರ ಎರಡು ಸಾಲಿಗೆ ಹಂಚಿಹೋಗುತ್ತೆ, ಸೆಲ್ ಬಿಸಿ ಆಗೋದು ಕಮ್ಮಿ, ವೋಲ್ಟೇಜ್ ಕುಸಿಯೋದು ಕಮ್ಮಿ. ಅಂದ್ರೆ ದೊಡ್ಡ ಬ್ಯಾಟರಿ ಬರೀ ಜಾಸ್ತಿ ಹೊತ್ತು ಓಡೋದಲ್ಲ, ಅದೇ ಗರಗಸ, ಡಿಸ್ಕ್ ತಿರುಗಿಸಿ ಕಬ್ಬಿಣ ಕೊಯ್ಯೋ ಅದೇ ಗ್ರೈಂಡರ್ ಜಾಸ್ತಿ ಜೋರಾಗೂ ಓಡುತ್ತೆ. ನಿನ್ನ ಕಿಟ್ಟಲ್ಲಿ ಸರ್ಕ್ಯುಲರ್ ಗರಗಸ ಇದೆ, ಅದಕ್ಕೆ ಕೊಟ್ಟಿರೋದು 2ರ ಬ್ಯಾಟರಿ, ದಪ್ಪ ಮರಕ್ಕೆ ಇಟ್ಟ ತಕ್ಷಣ ಉಸಿರುಗಟ್ಟಿ ನಿಲ್ಲುತ್ತೆ, ಆಗ ನೀನು ಮಷಿನ್ ಸರಿ ಇಲ್ಲ ಅಂತೀಯ.

ಬ್ರಷ್‌ಲೆಸ್ ಅಂತ ಬರೆದಿದ್ರೆ ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ತಗೋ. ಹಳೇ ಥರದ ಮೋಟರಲ್ಲಿ ಕಾರ್ಬನ್ ಬ್ರಷ್ ಉಜ್ಜಿ ಉಜ್ಜಿ ಕರೆಂಟ್ ಕೊಡುತ್ತೆ, ಕಿಡಿ ಬರುತ್ತೆ, ಸವೆಯುತ್ತೆ, ಆ ಉಜ್ಜಾಟದಲ್ಲೇ ಬ್ಯಾಟರಿಯ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಬ್ರಷ್‌ಲೆಸ್ಸಲ್ಲಿ ಆ ಕೆಲಸ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಮಾಡುತ್ತೆ. ಬಿಡ್ತೀನಿ, ಇಷ್ಟು ಸಾಕು ಇದರ ಬಗ್ಗೆ.

ಈಗ ಯಾವ ಮಷಿನ್ ಅನ್ನೋದು. ಮನೆಯೊಳಗೆ ಮೊದಲನೇದು ಡ್ರಿಲ್ ಡ್ರೈವರ್, ಇದರಲ್ಲಿ ಅನುಮಾನನೇ ಇಲ್ಲ. ಬಿಟ್ ಅಂದ್ರೆ ತೂತು ಕೊರೆಯೋ ಇಲ್ಲ ಸ್ಕ್ರೂ ತಿರುಗಿಸೋ ಕಡ್ಡಿ, ಅದನ್ನ ಹಿಡಿಯೋ ಬಾಯಿ ಚಕ್, ಅದರ ಹಿಂದೆ ನಂಬರ್ ಬರೆದಿರೋ ಒಂದು ರಿಂಗ್ ಇರುತ್ತಲ್ಲ ಅದು ಕ್ಲಚ್, ಕಬೋರ್ಡಿನ ಹಿಂಜಿಗೆ ಸಣ್ಣ ಸ್ಕ್ರೂ ಹಾಕೋವಾಗ ಮೂರಕ್ಕೋ ನಾಲ್ಕಕ್ಕೋ ಇಟ್ಕೋ, ಸ್ಕ್ರೂ ತಲೆ ಮರಕ್ಕೆ ಕೂತ ತಕ್ಷಣ ಟರ್ ಅಂತ ಸದ್ದು ಮಾಡಿ ತಿರುಗೋದು ನಿಲ್ಲುತ್ತೆ, ಸಾಲದಿದ್ರೆ ಒಂದೊಂದೇ ನಂಬರ್ ಏರಿಸ್ತಾ ಹೋಗು. ಈ ರಿಂಗನ್ನ ಡ್ರಿಲ್ಲಿನ ಗುರುತಿಗೇ ಬಿಟ್ಟು ಸ್ಕ್ರೂ ಹಾಕಿದ್ರೆ ಪ್ಲೈವುಡ್ಡಲ್ಲಿ ಸ್ಕ್ರೂ ಒಳಗೇ ಮುಳುಗಿ ಹಿಡಿತ ಹೋಗುತ್ತೆ. ಮೇಲ್ಗಡೆ 1, 2 ಅಂತ ಒಂದು ಸ್ವಿಚ್ ಇರುತ್ತೆ, ಸ್ಕ್ರೂಗೆ ಮತ್ತು ದಪ್ಪ ಬಿಟ್ಟಿಗೆ 1, ಸಣ್ಣ ತೂತಿಗೆ 2, ಓಡ್ತಿರೋವಾಗ ಬದಲಾಯಿಸ್ಬೇಡ, ಗೇರ್ ಹಲ್ಲು ಹೋಗುತ್ತೆ.

ಇಂಪ್ಯಾಕ್ಟ್ ಡ್ರೈವರ್ ಅನ್ನೋದು ನೋಡೋಕೆ ಡ್ರಿಲ್ಲಿನ ತಮ್ಮನ ಥರ ಗಿಡ್ಡಕ್ಕಿರುತ್ತೆ, ಆದ್ರೆ ಕೆಲಸ ಬೇರೆ, ಕಾಲು ಇಂಚಿನ ಆರು ಮೂಲೆ ಬಿಟ್ ಮಾತ್ರ ಹಿಡಿಯುತ್ತೆ, ಭಾರ ಬಿದ್ದಾಗ ಒಳಗಿನ ಸುತ್ತಿಗೆ ಸುತ್ತುತ್ತಾ ಪಕ್ಕಕ್ಕೆ ಹೊಡೀತಾ ಸ್ಕ್ರೂ ತಿರುಗಿಸುತ್ತೆ, ಉದ್ದ ಸ್ಕ್ರೂ, ತುಕ್ಕು ಹಿಡಿದ ಬೋಲ್ಟು ಇಂಥದಕ್ಕೆ. ಕೈ ತಿರುಚಲ್ಲ ಅದೇ ಅದರ ಗುಣ. ಸದ್ದು ಮಾತ್ರ ವಿಪರೀತ, ಮುಚ್ಚಿದ ರೂಮಲ್ಲಿ ಕಿವಿಗೆ ಪ್ಲಗ್ ಇಲ್ದೆ ಹಿಡೀಬೇಡ. ಇದು ಎರಡನೇದು, ನಿಧಾನಕ್ಕೆ ತಗೊಂಡ್ರಾಯ್ತು.

ಗೋಡೆಗೆ ಬಂದ್ರೆ, ಇಟ್ಟಿಗೆ ಗೋಡೆಗೆ ಹ್ಯಾಮರ್ ಇರೋ, ಅಂದ್ರೆ ತಿರುಗ್ತಾನೇ ಬಡಿಯೋ ಡ್ರಿಲ್ ಸಾಕು. ಕಾಂಕ್ರೀಟ್ ಪಿಲ್ಲರು, ಸೀಲಿಂಗು ಅಂದ್ರೆ ಅದರ ಕೈಲಿ ಸುಲಭಕ್ಕೆ ಆಗಲ್ಲ, ನೀನು ಎದೆ ಕೊಟ್ಟು ಒತ್ತಿದ್ರೂ ಬಿಟ್ಟಿನ ತುದಿ ಬಿಸಿಯಾಗೋದೇ ಜಾಸ್ತಿ. ಅದಕ್ಕೆ ಎಸ್‌ಡಿಎಸ್ ಪ್ಲಸ್ ಅನ್ನೋ, ತಳ್ಳಿದ್ರೆ ಲಾಕ್ ಆಗೋ ಥರದ ಬಿಟ್ ಹಾಕೋ ರೋಟರಿ ಹ್ಯಾಮರ್ ಬೇಕು, ಅದರೊಳಗೆ ಪಿಸ್ಟನ್ ಗಾಳಿ ಒತ್ತಿ ಹೊಡೆಯುತ್ತೆ, ನೀನು ಸುಮ್ನೆ ಹಿಡ್ಕೊಂಡಿದ್ರೆ ಸಾಕು ತಾನೇ ಇಳಿಯುತ್ತೆ. ಆದ್ರೆ ವರ್ಷಕ್ಕೆ ನಾಲ್ಕು ತೂತಿಗೆ ಇದನ್ನ ಬ್ಯಾಟರಿದು ತಗೋಬೇಡಮ್ಮ, ವೈರಿಂದೇ ತಗೋ ಇಲ್ಲ ಬಾಡಿಗೆಗೆ ತಾ. ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತು ಮಾಡೋ ಕೆಲಸಕ್ಕೆಲ್ಲಾ ವೈರ್ ಮಷಿನ್ನೇ ಮೇಲು. ಬ್ಯಾಟರಿ ಬೇಕಾಗೋದು ಏಣಿ ಮೇಲೆ, ಅಂಗಳದ ಆ ತುದಿಲಿ, ಕರೆಂಟ್ ಹೋದಾಗ, ವೈರ್ ತುಂಡಾಗೋ ಭಯ ಇರೋ ಕಡೆ.

ಅಂಗಳಕ್ಕೆ ಬಾ. ಹುಲ್ಲು ಸ್ವಲ್ಪ ಇದ್ರೆ 18 ವೋಲ್ಟಿನ ನೈಲಾನ್ ದಾರದ ಟ್ರಿಮ್ಮರ್ ಸಾಕು, ಹೆಡ್ಜ್ ಟ್ರಿಮ್ಮರಿಗಂತೂ ಧಾರಾಳ. ಬೆಳೆದು ದಪ್ಪ ಆಗಿರೋ ಹುಲ್ಲು, ದೊಡ್ಡ ಜಾಗ, ಲಾನ್ ಮೋವರ್ ಅಂದ್ರೆ 36 ವೋಲ್ಟಿಗೆ ಹೋಗ್ಬೇಕಾಗುತ್ತೆ, ಕೆಲವು ಮಷಿನ್ 18ರದ್ದು ಎರಡು ಬ್ಯಾಟರಿ ಒಟ್ಟಿಗೆ ಹಾಕ್ಕೊಂಡು 36 ಮಾಡ್ಕೊಳುತ್ತೆ, ನಿನ್ನಂಥವ್ರಿಗೆ ಅದು ಒಳ್ಳೇದು, ಮನೆಯೊಳಗಿನ ಬ್ಯಾಟರಿನೇ ಹೊರಗೂ ಆಗುತ್ತೆ. ಚೈನ್ ಗರಗಸ ಮಾತ್ರ ಈಗ್ಲೇ ತಗೋಬೇಡ ಅಂತ ಹಿರಿಯನಾಗಿ ಹೇಳ್ತೀನಿ. ಬ್ಯಾಟರಿದು ಅಂದ ತಕ್ಷಣ ಆಟದ ಸಾಮಾನು ಅಲ್ಲ, ಪೆಟ್ರೋಲಿನದಾದ್ರೆ ಹಗ್ಗ ಎಳೀಬೇಕು, ಇದು ಬೆರಳು ಒತ್ತಿದ್ರೆ ಶುರು. ಬ್ಲೇಡಿನ ಮೂತಿಯ ಮೇಲ್ಭಾಗ ಎಲ್ಲಾದ್ರೂ ಕೊಂಬೆಗೆ ತಾಗಿದ್ರೆ ಇಡೀ ಗರಗಸ ಹಿಂದಕ್ಕೆ ನಿನ್ನ ಮುಖದ ಕಡೆ ಚಿಮ್ಮುತ್ತೆ, ಕಣ್ಣು ಮಿಟುಕಿಸೋಕೂ ಟೈಮ್ ಇರಲ್ಲ. ಮುಂದೆ ಬೇಕೇ ಬೇಕು ಅನ್ನಿಸಿದ್ರೆ ಹಾಗೆ ಚಿಮ್ಮಿದಾಗ ಚೈನ್ ನಿಲ್ಲಿಸೋ ಚೈನ್ ಬ್ರೇಕ್ ಇರೋದು ನೋಡು, ಚೈನಿಗೆ ಎಣ್ಣೆ ಇದಕ್ಕೂ ಹಾಕ್ಬೇಕು, ಮತ್ತೆ ಮೊದಲ ಸಲ ಹಿಡಿಯೋವಾಗ ಗೊತ್ತಿರೋವ್ರು ಒಬ್ರು ಪಕ್ಕದಲ್ಲಿರ್ಲಿ.

ಗ್ರೈಂಡರ್ ಬಗ್ಗೆನೂ ಅಷ್ಟೇ. ಡಿಸ್ಕಿಗೆ ಅಡ್ಡ ಇರೋ ಗಾರ್ಡ್ ತೆಗೆದು ಓಡಿಸೋವ್ರನ್ನ ಬೇಕಾದಷ್ಟು ಜನ ನೋಡ್ತೀಯ, ನೀನು ತೆಗೀಬೇಡ. ಮರ ಕೊಯ್ಯೋ ಹಲ್ಲಿನ ಬ್ಲೇಡ್ ಅದಕ್ಕೆ ಹಾಕಲೇಬೇಡ. ಡಿಸ್ಕ್ ಮೇಲೆ ಬರೆದಿರೋ ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು, ಮಷಿನ್ನಿನ ಆರ್‌ಪಿಎಂಗಿಂತ ಕಮ್ಮಿ ಇರಬಾರ್ದು, ನಡುವೆ ಇರೋ ಲೋಹದ ರಿಂಗ್ ಮೇಲೆ ಎಷ್ಟೋ ಡಿಸ್ಕಲ್ಲಿ ಅವಧಿ ಮುಗಿಯೋ ತಿಂಗಳು ವರ್ಷ ಕೊರೆದಿರ್ತಾರೆ, ಓದಿ ನೋಡು. ಕಣ್ಣಿಗೆ ಸೇಫ್ಟಿ ಕನ್ನಡಕ ಯಾವಾಗ್ಲೂ ಇರ್ಲಿ. ಬಿಟ್ಟು ಬ್ಲೇಡು ಡಿಸ್ಕು ಯಾವುದೇ ಬದಲಾಯಿಸೋಕೆ ಮುಂಚೆ ಬ್ಯಾಟರಿ ಕಿತ್ತು ಪಕ್ಕಕ್ಕಿಡು, ಸ್ವಿಚ್ ಆಫ್ ಮಾಡಿದೀನಿ ಅನ್ನೋದು ಸಾಲಲ್ಲ, ಮನೇಲಿ ಮಗು ಇದೆ, ಕೆಲಸ ಮುಗಿದ ಮೇಲೂ ಬ್ಯಾಟರಿ ಬೇರೆ ಮಷಿನ್ ಬೇರೆ ಇರ್ಲಿ.

ಬ್ಯಾಟರಿ ಜೋಪಾನ ಮಾಡೋದು ಹೇಳ್ತೀನಿ. ಬ್ಲ್ಯಾಕ್ ಅಂಡ್ ಡೆಕರ್‌ನವರು 1961ರಲ್ಲಿ ಮೊದಲ ಬ್ಯಾಟರಿ ಡ್ರಿಲ್ ತಂದಾಗ ಅದರಲ್ಲಿ ಇದ್ದಿದ್ದು ನಿಕಲ್ ಕ್ಯಾಡ್ಮಿಯಂ, ಮಿಲ್ವಾಕಿಯವರು ದೊಡ್ಡ ಟೂಲ್‌ಗಳಿಗೆ ಲಿಥಿಯಂ ತಂದಿದ್ದು 2005ರಲ್ಲಿ, ಅಲ್ಲೀವರೆಗೂ ನಾವೆಲ್ಲಾ ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜಿಗಿಡು ಅಂತ ಕಲ್ತವ್ರು. ನಿಮ್ಮಪ್ಪನೂ ಹಾಗೇ ಹೇಳ್ತಾನೆ, ಅದನ್ನ ಲಿಥಿಯಂಗೆ ಮಾಡ್ಬೇಡ. ಮಷಿನ್ ನಿಧಾನ ಆಗ್ತಿದೆ ಅನ್ನಿಸಿದ ತಕ್ಷಣ ತೆಗೆದು ಚಾರ್ಜಿಗಿಡು. ಕೆಲಸ ಮುಗಿದಾಗ ಬಿಸಿ ಇದ್ರೆ ಸ್ವಲ್ಪ ಹೊತ್ತು ಆರಕ್ಕೆ ಬಿಟ್ಟು ಆಮೇಲೆ ಹಾಕು. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ರೆ ಚಾರ್ಜ್ ಮಾಡಲೇಬಾರ್ದು, ಬಿಸಿಲಲ್ಲಿ ನಿಂತ ಕಾರೊಳಗೆ ಬಿಡಬಾರ್ದು. ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ ತಣ್ಣನೆ ಒಣ ಜಾಗದಲ್ಲಿಡು, ಖಾಲಿಯಾಗಿ ಇಟ್ರೆ ವೋಲ್ಟೇಜ್ ಇಳೀತಾ ಇಳೀತಾ ಕೊನೆಗೆ ಚಾರ್ಜರ್ರೇ ಅದನ್ನ ತಗೊಳ್ಳಲ್ಲ, ಕೆಂಪು ಲೈಟ್ ಮಿಣುಕಿಸುತ್ತೆ ಅಷ್ಟೇ. ಉಬ್ಬಿದ್ದು, ಸೀಳಿದ್ದು, ನೀರಲ್ಲಿ ಮುಳುಗಿದ್ದು ಇದ್ರೆ ಮತ್ತೆ ಚಾರ್ಜಿಗೆ ಹಾಕ್ಬೇಡ, ಮನೆ ಕಸಕ್ಕೂ ಹಾಕ್ಬೇಡ, ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡು. ಅಗ್ಗಕ್ಕೆ ಸಿಗೋ ಡೂಪ್ಲಿಕೇಟ್ ಬ್ಯಾಟರಿ ಆನ್‌ಲೈನಲ್ಲಿ ಕಣ್ಣಿಗೆ ಬೀಳುತ್ತೆ, ಅದರ ಎಷ್ಟೋ ಪ್ಯಾಕಲ್ಲಿ ಬಿಸಿ ಹೆಚ್ಚಾದ್ರೆ ಕಟ್ ಮಾಡೋ ಸರ್ಕ್ಯೂಟ್ ಸರಿಯಾಗಿ ಇರಲ್ಲ, ರಾತ್ರಿ ಎಲ್ಲಾ ಚಾರ್ಜಿಗಿಟ್ಟು ಮಲಗೋ ಮನೇಲಿ ಅಂಥದು ಬೇಡವೇ ಬೇಡ.

ಅದಕ್ಕೆ ಈಗ ಮಾಡ್ಬೇಕಾದ್ದು ಇದು. ಮುಂದಿನ ಆರು ತಿಂಗಳಲ್ಲಿ ನೀವು ಮನೇಲಿ ಅಂಗಳದಲ್ಲಿ ಏನೇನು ಕೆಲಸ ಮಾಡ್ಬೇಕು ಅಂತ ಇಬ್ರೂ ಕೂತು ಬರೀರಿ, ಪರದೆ ಕಡ್ಡಿ, ಶೆಲ್ಫು, ಗೇಟಿನ ಚಿಲಕ, ಬೇಲಿ, ಹುಲ್ಲು, ಎಲ್ಲಾ. ಆ ಪಟ್ಟಿಲಿ ಇಲ್ಲದ ಮಷಿನ್ ಎಷ್ಟೇ ಅಗ್ಗಕ್ಕೆ ಬಂದ್ರೂ ಬೇಡ. ನನ್ನ ಲೆಕ್ಕದಲ್ಲಿ ಶುರುವಿಗೆ ಒಂದು ಬ್ರಷ್‌ಲೆಸ್ ಹ್ಯಾಮರ್ ಡ್ರಿಲ್, 2ರದ್ದು ಒಂದು 5ರದ್ದು ಒಂದು ಬ್ಯಾಟರಿ, ಒಂದು ಫಾಸ್ಟ್ ಚಾರ್ಜರ್, ಜೊತೆಗೆ ಒಳ್ಳೇ ಬಿಟ್ ಸೆಟ್ಟು. ಕೆಟ್ಟ ಬಿಟ್ ಹಾಕಿದ್ರೆ ಎಂಥಾ ಮಷಿನ್ನೂ ಸ್ಕ್ರೂ ತಲೆ ಹಾಳು ಮಾಡುತ್ತೆ, ಅಲ್ಲಿ ಉಳಿಸಕ್ಕೆ ಹೋಗ್ಬೇಡ. ಮಿಕ್ಕಿದ್ದನ್ನ ಬೇಕಾದಾಗ ಬೇಕಾದಾಗ ಬ್ಯಾಟರಿ ಇಲ್ಲದ ಬರೀ ಮಷಿನ್ ತಗೊಂಡ್ರೆ ಮುಕ್ಕಾಲು ಖರ್ಚು ಅಲ್ಲೇ ತಪ್ಪುತ್ತೆ ಅಂತ ಹೇಳಲ್ಲ, ಆದ್ರೆ ಸಾಕಷ್ಟು ಉಳಿಯುತ್ತೆ.

ಅಂಗಡಿಗೆ ಹೋದಾಗ ಬ್ಯಾಟರಿ ಹಾಕಿಸಿಕೊಂಡು ಕೈ ಚಾಚಿ ಭುಜದ ಮಟ್ಟಕ್ಕೆ ಎತ್ತಿ ಒಂದು ನಿಮಿಷ ಹಿಡ್ಕೊಂಡು ನೋಡು, ನಿನ್ನ ಕೈಗೆ ಹೊಂದ್ಬೇಕು, ಅಳಿಯಂದ್ರ ಕೈಗಲ್ಲ, ಏಣಿ ಹತ್ತೋಳು ನೀನೇ ಅಂತ ನಂಗೊತ್ತು. ಭಾರ ಅನ್ನಿಸಿದ್ರೆ 12 ವೋಲ್ಟಿನ ಸಾಲೂ ಒಂದ್ಸಲ ಹಿಡಿದು ನೋಡು, ಬರೀ ಮನೆಯೊಳಗಿನ ಕೆಲಸಕ್ಕೆ ಅದು ಬೇಕಾದಷ್ಟಾಯ್ತು, ಅಂಗಳದ ಮಷಿನ್ ಆ ಸಾಲಲ್ಲಿ ಹೆಚ್ಚು ಸಿಗಲ್ಲ ಅನ್ನೋದೊಂದೇ ಕೊರತೆ.

ಪಟ್ಟಿ ಬರೆದು ನಂಗೆ ಕಳಿಸು, ಅಂಗಳದ ಉದ್ದ ಅಗಲನೂ ಬರಿ, ಬೇಲಿ ಎಷ್ಟು ಎತ್ತರ ಅಂತನೂ. ನೋಡಿ ಹೇಳ್ತೀನಿ. ಮಗುಗೆ ನನ್ನ ಮುತ್ತು.

ಇಂತಿ ನಿನ್ನ
ದೊಡ್ಡಪ್ಪ