ಇನ್ನೊಂದು ಮಾತ್ರೆ ಕೊಡುವ ಮೊದಲು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ‘ಅಪ್ಪಾ, ಅಜ್ಜಿಗೆ ಮತ್ತೆ ಬಿಪಿ 178 ಬಂತು’ ಅಂದಾಗ ನಿನ್ನ ಗಾಬರಿ ಗೊತ್ತಾಯಿತು. ಅಜ್ಜಿ ಪಕ್ಕದಲ್ಲೇ ಕೂತಿದ್ದಳಲ್ವಾ, ಎಲ್ಲ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ.

ನಂಬರ್ ನೋಡಿ ನೀನಾಗಿ ಒಂದು ಮಾತ್ರೆ ಜಾಸ್ತಿ ಕೊಡಬೇಡ. ಈ ವಯಸ್ಸಿನಲ್ಲಿ ಬಿಪಿ ದಿಢೀರನೆ ಇಳಿಯುವುದೂ ಅಪಾಯವೇ. ಐದು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡು. ಆಗಲೂ ಜಾಸ್ತಿಯಿದ್ದರೆ ಡಾಕ್ಟರಿಗೆ ಫೋನ್ ಮಾಡು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಒಂದು ಕೈಯಲ್ಲಿ ಶಕ್ತಿಯಿಲ್ಲದಿರುವುದು ಕಂಡರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡ, ನೇರ ಆಸ್ಪತ್ರೆಗೆ ಹೋಗು.

ನೀರಿನ ಮಾತ್ರೆಯೂ (ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ) ಸೇರಿ ಮೂರು ಬಗೆಯ ಮಾತ್ರೆ ಪೂರ್ತಿ ಡೋಸಿನಲ್ಲಿ ನುಂಗಿದರೂ ಬಿಪಿ ಇಳಿಯದಿದ್ದರೆ ಅದು ಮಾತ್ರೆಗೆ ಬಗ್ಗದ ಬಿಪಿ. ಆದರೆ ಎಷ್ಟೋ ಜನರಲ್ಲಿ ತಪ್ಪಿರುವುದು ಅಳತೆ, ಇಲ್ಲವೇ ಮಾತ್ರೆ ಹೊಟ್ಟೆಗೇ ಹೋಗಿರುವುದಿಲ್ಲ.

ಅಳೆಯುವಾಗ ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಪಟ್ಟಿಯನ್ನು ಸ್ವೆಟರ್ ಮೇಲೆ ಸುತ್ತಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮಾತಾಡಿಸಲೂ ಬೇಡ (ಅಜ್ಜಿಯ ವಿಷಯದಲ್ಲಿ ಇದೇ ಕಷ್ಟ, ಗೊತ್ತು). ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡು. ಮನೆಯಲ್ಲಿ ಸರಾಸರಿ 135/85 ದಾಟಿದರೆ ಜಾಸ್ತಿ ಅಂತ ಲೆಕ್ಕ. ಅಜ್ಜಿ ಎದ್ದು ನಿಂತ ಒಂದು ನಿಮಿಷದ ಮೇಲೆ ಒಂದು ಸಲ, ಮೂರು ನಿಮಿಷದ ಮೇಲೆ ಇನ್ನೊಂದು ಸಲ ನೋಡು. ಆಗ ತುಂಬಾ ಇಳಿದರೆ ತಲೆಸುತ್ತಿ ಬೀಳುತ್ತಾಳೆ.

ಇನ್ನು ನೀರಿನ ಮಾತ್ರೆ. ಮದುವೆ, ದೇವಸ್ಥಾನ ಅಂತ ಹೊರಟ ದಿನ ಅಜ್ಜಿ ಅದನ್ನು ಮೆಲ್ಲಗೆ ಬಿಟ್ಟುಬಿಡುತ್ತಾಳೆ. ಬಸ್ಸಿನಲ್ಲಿ ಶೌಚಾಲಯ ಎಲ್ಲಿ ಹುಡುಕುವುದು ಹೇಳು? ಬೈಯಬೇಡ. ಅಂಥ ದಿನ ಯಾವ ಹೊತ್ತಿಗೆ ತಗೊಳ್ಳಬಹುದು ಅಂತ ಡಾಕ್ಟರನ್ನೇ ಕೇಳು.

ನನಗೆ ಜಾಸ್ತಿ ಅನುಮಾನ ಇರುವುದು ಮಂಡಿನೋವಿನ ಮಾತ್ರೆ ಮೇಲೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ತರಿಸಿಕೊಳ್ಳುತ್ತಾಳಲ್ಲ, ಅದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದವು ಮೈಯಲ್ಲಿ ಉಪ್ಪು, ನೀರು ಉಳಿಸುತ್ತವೆ. ಬಿಪಿ ಮಾತ್ರೆ ಇಳಿಸಿದ್ದನ್ನು ಇವು ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಆದರೆ ನೋವು ಸುಳ್ಳಲ್ಲ. ಸುಮ್ನೆ ನಿಲ್ಲಿಸು ಅಂದರೆ ಕೇಳುವವಳೂ ಅಲ್ಲ. ಬದಲಿಗೆ ಏನು ಕೊಡಬಹುದು ಅಂತ ಕೇಳಿ ಬಾ. ಕೆಮ್ಮಿಗೆ ಮಾಡಿಕೊಳ್ಳುವ ಜ್ಯೇಷ್ಠಮಧುವಿನ ಕಷಾಯವೂ ದಿನಾ ಕುಡಿದರೆ ಬಿಪಿ ಏರಿಸುತ್ತದೆ. ಮನೆಮದ್ದು ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕು, ಅಂದರೆ ಒಂದು ಟೀ ಚಮಚದೊಳಗೆ. ಸಾರಿಗೆ ಎಷ್ಟು ಕಡಿಮೆ ಹಾಕಿದರೇನು, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇದ್ದರೆ? ಸೋಡಿಯಂ ಕಡಿಮೆಯ ಉಪ್ಪನ್ನು ಡಾಕ್ಟರನ್ನು ಕೇಳದೆ ತರಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತಿದ್ದರೆ, ಕೆಲವು ಬಿಪಿ ಮಾತ್ರೆ ಜೊತೆಗೂ, ಅದು ಅಪಾಯ.

ಇಷ್ಟೆಲ್ಲ ಸರಿಯಿದ್ದೂ ಇಳಿಯದಿದ್ದರೆ ಆಗ ಡಾಕ್ಟರು ಕಿಡ್ನಿ, ಅದರ ಮೇಲಿರುವ ಅಡ್ರಿನಲ್ ಗ್ರಂಥಿಯ ಪರೀಕ್ಷೆ ಬರೆಯಬಹುದು. ಅಜ್ಜಿ ಜೋರಾಗಿ ಗೊರಕೆ ಹೊಡೆಯುವುದನ್ನೂ, ನಡುವೆ ಉಸಿರು ಕಟ್ಟಿದಂತಾಗುವುದನ್ನೂ ಮರೆಯದೆ ಹೇಳು. ಅದರಿಂದಲೂ ಬಿಪಿ ಏರುತ್ತದೆ. ನಾಲ್ಕನೇ ಮಾತ್ರೆಯಾಗಿ ಸ್ಪೈರೊನೊಲ್ಯಾಕ್ಟೋನ್ ಬರೆದರೆ ರಕ್ತದ ಪೊಟ್ಯಾಸಿಯಂ ಪರೀಕ್ಷೆ ಯಾವಾಗ ಅಂತ ಅಲ್ಲೇ ಕೇಳಿಕೋ.

ಹೋಗುವಾಗ ಅಜ್ಜಿಯ ಮಾತ್ರೆ ಡಬ್ಬಿ ಇಡೀ ತಗೊಂಡು ಹೋಗು. ದಿಂಬಿನ ಕೆಳಗೂ ಒಮ್ಮೆ ನೋಡು, ನೋವಿನ ಮಾತ್ರೆ ಇಡುವುದು ಅಲ್ಲೇ.

ನಿನ್ನ ಅಪ್ಪ