ಆ ರಾತ್ರಿ ನನ್ನನ್ನು ಬೆಟ್ಟ ಹತ್ತಲು ಬಿಡದವರಿಗೆ

ಮೊನ್ನೆ ರಾತ್ರಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿತ್ತು. ಅರ್ಧ ಗಂಟೆಯೂ ಸುರಿಯಲಿಲ್ಲ. ಆದರೂ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಬೆಟ್ಟದ ಕಡೆಯಿಂದ ಒದ್ದೆ ಬೂದಿಯ ವಾಸನೆ ಬರುತ್ತಿತ್ತು. ಹನ್ನೆರಡು ದಿನಗಳಿಂದ ಅಲ್ಲೊಂದು ಇಲ್ಲೊಂದು ಹೊಗೆಯಾಡುತ್ತಿದ್ದ ಮರದ ಬೊಡ್ಡೆಗಳು ಕೊನೆಗೂ ಆರಿದ್ದವು. ಬೆಂಕಿ ಪೂರ್ತಿ ತಣ್ಣಗಾಗುವ ಮೊದಲು ಯಾರಿಗೂ ವಂದನೆ ಹೇಳಬೇಡಿ ಎಂದು ಹೆಂಡತಿ ತಡೆದಿದ್ದಳು. ಇನ್ನು ಬರೆಯಬಹುದು.

ನಮ್ಮದು ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನ ದಡದ ಸಣ್ಣ ಕಾಫಿ ತೋಟ. ತೋಟದ ಮೇಲೆ ಬಾಣೆ (ಮರ ಬೆಳೆದ ಏರು ಜಮೀನು), ಬಾಣೆಯ ಮೇಲೆ ಕಾಡು, ಕಾಡಿನ ನೆತ್ತಿಯಲ್ಲಿ ಬರೀ ಹುಲ್ಲು. ಜೀಪು ಬರುವ ದಾರಿ ನಮ್ಮ ಗೇಟಿಗೇ ಮುಗಿಯುತ್ತದೆ. ಬೆಂಕಿ ಹತ್ತಿದ್ದು ಅದಕ್ಕೂ ಆಚೆ, ಹಿನ್ನೀರು ಒಳಕ್ಕೆ ನುಗ್ಗಿ ಮೂಲೆ ಹಿಡಿದಿರುವ ಕಡೆ. ಅಲ್ಲಿಗೆ ಹೋಗಬೇಕಾದರೆ ತೆಪ್ಪ ಹತ್ತಬೇಕು, ಇಲ್ಲವೇ ಎರಡು ಕೊಲ್ಲಿಗಳನ್ನು, ಅಂದರೆ ಬೆಟ್ಟದ ನಡುವಿನ ಇಕ್ಕಟ್ಟು ಕಣಿವೆಗಳನ್ನು, ಇಳಿದು ಹತ್ತಬೇಕು. ಯಾರು ಹಚ್ಚಿದರೆಂದು ನಾನು ಇಲ್ಲಿ ಊಹಿಸಲು ಹೋಗುವುದಿಲ್ಲ. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮೊದಲು ಕಂಡವರು ಬಲೆ ಹಾಕಲು ಹೋಗಿದ್ದ ಇಬ್ಬರು ಮೀನುಗಾರರು. ಉಪಗ್ರಹ ಬೆಂಕಿಯ ಬಿಸಿಯನ್ನು ಗುರುತಿಸಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳುಹಿಸುವ ವ್ಯವಸ್ಥೆ ಈಗ ಇದೆ. ಒಳ್ಳೆಯದೇ. ಆದರೆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಬರುವ ಹೊತ್ತು ಅದರದ್ದೇ, ನಮ್ಮದಲ್ಲ. ಅಂದು ಸುದ್ದಿ ಬಂದದ್ದು ತೆಪ್ಪದಲ್ಲಿ. ಬಲೆಯನ್ನು ನೀರಿನಲ್ಲೇ ಬಿಟ್ಟು ಹುಟ್ಟು ಹಾಕಿಕೊಂಡು ಬಂದವರು, ಮುಂದಿನ ಮೂರು ದಿನ ಜನರನ್ನೂ ಕುಡಿಯುವ ನೀರನ್ನೂ ಬುತ್ತಿಯನ್ನೂ ಆಚೆಗೆ ಸಾಗಿಸುತ್ತಲೇ ಇದ್ದರು. ಬಾಡಿಗೆ ಎಷ್ಟು ಎಂದು ಕೇಳಿದಾಗ ಅವರಲ್ಲಿ ಹಿರಿಯರು ನನ್ನ ಮುಖವನ್ನೇ ನೋಡಿದರು. ಮತ್ತೆ ಕೇಳಲು ಬಾಯಿ ಬರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದು ವಂದನೆಯೂ ಹೌದು, ತಪ್ಪೊಪ್ಪಿಗೆಯೂ ಹೌದು.

ಮಧ್ಯಾಹ್ನ ದಡದಲ್ಲಿದ್ದ ಬೆಂಕಿ ಸಂಜೆಯ ಹೊತ್ತಿಗೆ ನೆತ್ತಿಯ ಹುಲ್ಲು ತಲುಪಿತ್ತು. ಕತ್ತಲಾದ ಮೇಲೆ ಅಡ್ಡಕ್ಕೆ ಹರಡುತ್ತ ನಮ್ಮ ಕಡೆಯ ಕೊಲ್ಲಿಯತ್ತ ಇಳಿಯತೊಡಗಿತು. ಒಣಗಿ ನಿಂತ ಬಿದಿರು ಒಡೆಯುವ ಸದ್ದು ಕೋವಿ ಹಾರಿಸಿದ ಹಾಗೆ ಕೇಳುತ್ತಿತ್ತು. ಊರಿನ ಹತ್ತು ಹನ್ನೆರಡು ಹುಡುಗರನ್ನು ಕಟ್ಟಿಕೊಂಡು, ಟಾರ್ಚು ಕತ್ತಿ ಹಿಡಿದು ನಾನು ಹೊರಟೆ. ಬಾಣೆಯ ತುದಿಯಲ್ಲಿ ಅರಣ್ಯ ಇಲಾಖೆಯ ಬೆಂಕಿ ಕಾವಲುಗಾರರೊಬ್ಬರು ಕಲ್ಲಿನ ಮೇಲೆ ಕುಳಿತಿದ್ದರು. ಪಕ್ಕದ ಆದಿವಾಸಿ ಹಾಡಿಯವರು, ಪ್ರತಿ ಬೇಸಿಗೆ ಇದೇ ಕೆಲಸ. ಅವರು ಎದ್ದು ದಾರಿಗೆ ಅಡ್ಡ ನಿಂತರು.

"ಸಾಹುಕಾರರೇ, ಬೆಟ್ಟ ಹತ್ತುವುದು ನಿಮಗಿಂತ ಬೆಂಕಿಗೆ ಚೆನ್ನಾಗಿ ಗೊತ್ತು. ಕುಳಿತುಕೊಳ್ಳಿ" ಎಂದರು.

"ನಿನಗೇನು, ಸುಡುವುದು ನನ್ನ ತೋಟ" ಎಂದೆ. ಇನ್ನೂ ಏನೇನೋ ಅಂದೆ. ಸಂಬಳಕ್ಕೆ ಕುಳಿತವನು ಎಂದೂ ಅಂದೆ. ಅವರು ನನಗಿಂತ ಏಳೆಂಟು ವರ್ಷ ದೊಡ್ಡವರು. ಹುಡುಗರೆಲ್ಲ ಕೇಳಿಸಿಕೊಂಡರು. ಅವರು ಮಾತ್ರ ತಿರುಗಿ ಒಂದು ಮಾತೂ ಆಡಲಿಲ್ಲ, ದಾರಿಯನ್ನೂ ಬಿಡಲಿಲ್ಲ.

ಅವರು ತಡೆದದ್ದು ಯಾಕೆಂದು ಅಂದು ರಾತ್ರಿ ಆ ಕಲ್ಲಿನ ಪಕ್ಕದಲ್ಲೇ ಕುಳಿತು ತುಸು ತುಸುವಾಗಿ ಅರ್ಥವಾಯಿತು. ಬಯಲಿನ ಬೆಂಕಿಯೇ ಬೇರೆ, ಇಳಿಜಾರಿನ ಬೆಂಕಿಯೇ ಬೇರೆ. ಕೆಳಗಿನ ಜ್ವಾಲೆ ಮೇಲಿನ ಹುಲ್ಲು ಸೊಪ್ಪನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಬೆಟ್ಟ ಕಡಿದಾದಷ್ಟೂ ಅದರ ಓಟ ಹೆಚ್ಚು. ಹಗಲಿನಲ್ಲಿ ಬಿಸಿಯೇರಿದ ಗಾಳಿ ಬೆಟ್ಟದ ಮೇಲಕ್ಕೆ ಬೀಸುತ್ತದೆ, ನೀರಿನ ಮೇಲಿನ ಗಾಳಿಯೂ ದಡಕ್ಕೇ ಬರುತ್ತದೆ. ಹಿನ್ನೀರಿನ ಪಕ್ಕದ ಬೆಟ್ಟಕ್ಕೆ ಹೀಗೆ ಎರಡು ಗಾಳಿ ಸೇರಿ ಬೆನ್ನಿಗೆ ಬೀಳುತ್ತವೆ. ಕೊಲ್ಲಿಯಂತೂ ಒಲೆಯ ಹೊಗೆಗೂಡು ಇದ್ದ ಹಾಗೆ. ಕೆಳಗೆ ಕಿಡಿ ಬಿದ್ದರೆ ಮೇಲೆ ನಿಂತವನಿಗೆ ಓಡಲು ಜಾಗವಿಲ್ಲ. ರಾತ್ರಿ ಗಾಳಿ ತಿರುಗಿ ಕೆಳಗಿಳಿಯುತ್ತದೆ, ಬೆಂಕಿಯೂ ನಿಧಾನವಾಗುತ್ತದೆ, ನಿಜ. ಆದರೆ ಆಗ ಉರಿಯುವ ಕೊಳ್ಳಿಗಳು ಉರುಳಿ ಬರುತ್ತವೆ. ನಾವು ಹೊರಟಿದ್ದ ದಾರಿಗೆ ರಾತ್ರಿ ಹನ್ನೊಂದರ ಸುಮಾರಿಗೆ ಅಂಥದ್ದೊಂದು ಬೊಡ್ಡೆ ಕಿಡಿ ಕಾರುತ್ತ ಬಂದು ಬಿತ್ತು. ಯಾರೂ ಮಾತನಾಡಲಿಲ್ಲ.

ಅದಾಗಿ ಸ್ವಲ್ಪ ಹೊತ್ತಿಗೆ ಕೊಲ್ಲಿಯೊಳಗೆ ಕೊಂಬೆ ಮುರಿಯುವ ಸದ್ದು. ಆನೆಗಳು. ಬೆಂಕಿಗೆ ಹೆದರಿ ಮರಿಗಳ ಸಮೇತ ನೀರಿನ ಕಡೆಗೆ ಇಳಿಯುತ್ತಿದ್ದವು. ಕಾವಲುಗಾರರು ಟಾರ್ಚು ಆರಿಸಲು ಹೇಳಿದರು. ಹೊಗೆಯಲ್ಲಿ, ಕತ್ತಲಲ್ಲಿ, ಇಕ್ಕಟ್ಟಾದ ಜಾಡಿನಲ್ಲಿ ಹನ್ನೆರಡು ಹುಡುಗರೊಂದಿಗೆ ನಾನು ಅವುಗಳಿಗೆ ಎದುರಾಗಿದ್ದರೆ? 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಯ ನಡುವೆ ಸಿಲುಕಿ ತೀರಿಕೊಂಡರು. ಅವರು ಕಾಡು ಬಲ್ಲವರು, ತರಬೇತಿ ಇದ್ದವರು. ನನಗೆ ಇದ್ದದ್ದು ಸಿಟ್ಟು ಮಾತ್ರ.

ಇಷ್ಟಕ್ಕೂ ಕೆಳಗೆ ಒಂದು ಸಮುದ್ರದಷ್ಟು ನೀರಿತ್ತು. ಆ ಮೂರು ದಿನ ನನ್ನನ್ನು ಅತ್ಯಂತ ಕಾಡಿದ್ದು ಅದೇ. ಬೆಂಗಳೂರಿನಲ್ಲಿರುವ ತಮ್ಮನ ಮಗ ಗಂಟೆಗೊಮ್ಮೆ ಫೋನು ಮಾಡಿ ಹೆಲಿಕಾಪ್ಟರ್ ತರಿಸಿ ಎನ್ನುತ್ತಿದ್ದ. 2019ರಲ್ಲಿ ಬಂಡೀಪುರಕ್ಕೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದದ್ದನ್ನು ಅವನು ಟಿವಿಯಲ್ಲಿ ನೋಡಿದ್ದ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಫಿಗೆ ನೀರು ಹಾಯಿಸುವ ಡೀಸೆಲ್ ಎಂಜಿನ್‌ನಿಂದ ಬೆಟ್ಟಕ್ಕೇ ನೀರು ಹತ್ತಿಸೋಣ ಎಂದೆ. ಮೋಟಾರು ರಿಪೇರಿ ಮಾಡುವ ಹುಡುಗ ನಗಲಿಲ್ಲ, ಪಾಪ, ಲೆಕ್ಕ ಹೇಳಿದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕಿಲೋ ಒತ್ತಡ. ಇನ್ನೂರು ಮೀಟರ್ ಹತ್ತಿಸಬೇಕಾದರೆ ಇಪ್ಪತ್ತು ಕಿಲೋ. ನಮ್ಮ ಸ್ಪ್ರಿಂಕ್ಲರ್ ಪೈಪು ಅದಕ್ಕೆ ಬಹಳ ಮೊದಲೇ ಸೀಳಿಹೋಗುತ್ತದೆ. ಮೇಲಾಗಿ ಮಾರ್ಚಿನಲ್ಲಿ ನೀರು ಹಿಂದೆ ಸರಿದು ದಡದ ತುಂಬ ಮಂಡಿಯವರೆಗಿನ ಕೆಸರು.

ಆದರೆ ಅವನೇ ಒಂದು ದಾರಿ ತೋರಿಸಿದ. ನೀರನ್ನು ಬೆಂಕಿಯ ಹತ್ತಿರ ಒಯ್ಯಲಾಗದಿದ್ದರೆ ಬೆಂಕಿ ಬರುವ ಜಾಗವನ್ನು ನೆನೆಸಿಡೋಣ ಎಂದ. ಕೆಸರಿನ ಮೇಲೆ ಹಲಗೆ ಹಾಸಿ, ಎಂಜಿನ್ ಇಳಿಸಿ, ತೋಟದ ಮೇಲಂಚಿಗೂ ಕೆಲಸಗಾರರ ಲೈನ್ ಮನೆಗಳ ಸುತ್ತಲೂ ಸ್ಪ್ರಿಂಕ್ಲರ್ ನಿಲ್ಲಿಸಿದ. ಕಾಫಿ ಹೂ ಅರಳಿಸಲು ನೀರು ಹಾಯಿಸಲೆಂದು ಇಟ್ಟುಕೊಂಡಿದ್ದ ಡೀಸೆಲನ್ನು ಅಕ್ಕಪಕ್ಕದ ನಾಲ್ಕು ತೋಟದವರು ತಂದು ಸುರಿದರು. ಅವರಲ್ಲಿ ಒಬ್ಬರಿಗೂ ನನಗೂ ಬೇಲಿಯ ವಿಚಾರದಲ್ಲಿ ಮಾತು ಬಿಟ್ಟು ಆರು ವರ್ಷ. ಕ್ಯಾನ್ ಇಳಿಸಿ, ಮಾತಾಡದೆಯೇ ಹೋದರು. ಅವರಿಗೂ ಈ ಮೂಲಕ ವಂದನೆ. ಬೇಲಿಯ ವಿಷಯ ಹಾಗೆಯೇ ಇದೆ.

ಅಮೆರಿಕದಲ್ಲಿರುವ ಮಗಳು ಆಮೇಲೆ ಹೇಳಿದಳು: 2024ರ ಜೂನ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಶೆಲಾನ್ ಸರೋವರದ ದಡದಲ್ಲಿ ಹತ್ತಿದ ಪಯನೀರ್ ಬೆಂಕಿಯೂ ಇಂಥದ್ದೇ ಕಡಿದಾದ ಜಾಗದ್ದು. 38 ಸಾವಿರ ಎಕರೆಗೂ ಹೆಚ್ಚು ಸುಟ್ಟಿತಂತೆ. ಸರೋವರದ ತುದಿಯ ಸ್ಟೆಹೀಕಿನ್ ಎಂಬ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ದೋಣಿಯಲ್ಲೇ ಹೋಗಬೇಕು. ಅಷ್ಟು ದೊಡ್ಡ ದೇಶದವರೂ ಅಲ್ಲಿ ಮನೆಗಳ ಸುತ್ತ ಪಂಪು, ಪೈಪು, ಸ್ಪ್ರಿಂಕ್ಲರ್ ಹಾಕಿ ಕಾದರು. ಕೇಳಿ ನನಗೆ ಒಂದು ಬಗೆಯ ಸಮಾಧಾನವಾಯಿತು. ನಮ್ಮ ಮೆಕ್ಯಾನಿಕ್ ಹುಡುಗನಿಗೆ ಹೇಳಿದೆ. "ಅವರದ್ದು ಎಷ್ಟು ಎಚ್‌ಪಿ?" ಎಂದು ಕೇಳಿದ.

ಎರಡನೆಯ ದಿನ ಇನ್ನೂ ಬೆಳಕು ಹರಿಯುವ ಮೊದಲು ಇಬ್ಬನಿಯ ತಂಪಿನಲ್ಲಿ ಕೆಲಸ ಶುರುವಾಯಿತು. ಮೊದಲು ಹತ್ತಿದವರು ಹಿಂದಿನ ರಾತ್ರಿ ನಾನು ಬೈದಿದ್ದ ಅದೇ ಕಾವಲುಗಾರರು. ಕೊಲ್ಲಿಯ ಈಚೆಗಿನ ಏಣಿನ ಮೇಲೆ ಹಳೆಯ ಕಾಲುದಾರಿಯೊಂದಿದೆ. ಸಿಬ್ಬಂದಿ ಬೆನ್ನಿಗೆ ಬ್ಲೋವರ್ ಕಟ್ಟಿಕೊಂಡು ತರಗೆಲೆಯನ್ನು ಊದಿ ಸರಿಸಿದರು, ನಾವು ಲಂಟಾನ ಕಡಿದೆವು. ಸಂಜೆ ಗಾಳಿ ತಿರುಗುವುದನ್ನೇ ಕಾದು, ಆ ದಾರಿಯಿಂದ ಕೊಲ್ಲಿಯ ಕಡೆಗೆ ಎದುರು ಬೆಂಕಿ ಕೊಟ್ಟರು. ಅದಕ್ಕೂ ಮೊದಲು ಆ ಕಾವಲುಗಾರರು ಒಣ ಎಲೆಯೊಂದನ್ನು ಪುಡಿ ಮಾಡಿ ಗಾಳಿಗೆ ತೂರಿ ನೋಡಿದರು, ಇನ್ನೂ ಇಲ್ಲ ಎಂದರು. ಮತ್ತೆ ತೂರಿದರು, ಇನ್ನೂ ಇಲ್ಲ. ಮೂರನೆಯ ಸಲ ತಲೆಯಾಡಿಸಿದರು. ರಾತ್ರಿ ಒಂಬತ್ತರ ಹೊತ್ತಿಗೆ ಎರಡು ಬೆಂಕಿಗಳೂ ಕೊಲ್ಲಿಯಲ್ಲಿ ಸೇರಿ, ತಿನ್ನಲು ಏನೂ ಸಿಗದೆ ಕುಗ್ಗಿದವು. ದಾರಿ ದಾಟಿ ಹಾರಿದ ಕಿಡಿಗಳನ್ನು ಹಸಿ ಸೊಪ್ಪಿನಿಂದ ಬಡಿಯಲು ಸಾಲಾಗಿ ನಿಂತವರಲ್ಲಿ ಲೈನ್ ಮನೆಯ ಹೆಂಗಸರೇ ಹೆಚ್ಚು. ಅಸ್ಸಾಮಿನಿಂದ ಕೆಲಸಕ್ಕೆ ಬಂದು ಇನ್ನೂ ಎರಡು ತಿಂಗಳಾಗದ ಹುಡುಗಿಯೊಬ್ಬಳ ಕೈ ಸುಟ್ಟಿತು, ಈಗ ವಾಸಿಯಾಗಿದೆ. ಅವಳು ಕಾದದ್ದು ತನ್ನದಲ್ಲದ ತೋಟವನ್ನು.

ಸುಟ್ಟದ್ದು ಬಾಣೆಯ ಒಂದು ಅಂಚು, ಅಲ್ಲಿನ ಕೆಲವು ಮರ, ಅವುಗಳಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ. ಕಾಡಿಗೆ ಆದದ್ದು ದೊಡ್ಡದು, ಅದನ್ನು ಎಣಿಸುವ ಶಕ್ತಿ ನನಗಿಲ್ಲ. ಮೂರನೆಯ ದಿನದಿಂದ ಮಳೆ ಬರುವವರೆಗೂ ಬೊಡ್ಡೆಗಳ ಬುಡ ಅಗೆದು ಮಣ್ಣು ಮುಚ್ಚುತ್ತ ತಿರುಗಿದ ಕಾವಲುಗಾರರಿಗೆ, ಗಂಜಿ ಕಾಯಿಸಿದ ಅಕ್ಕಂದಿರಿಗೆ, ಎಲ್ಲರಿಗೂ ನಾನು ಋಣಿ.

ನಿನ್ನೆ ಹಾಡಿಗೆ ಹೋಗಿದ್ದೆ. ಅಂದು ನನ್ನನ್ನು ತಡೆದ ಕಾವಲುಗಾರರು ಮನೆಯ ಮುಂದೆ ಕತ್ತಿ ಮಸೆಯುತ್ತಿದ್ದರು. ಅಂದು ಏಕವಚನದಲ್ಲಿ ಕರೆದದ್ದಕ್ಕೆ, ಆಡಿದ ಮಾತಿಗೆ ತಪ್ಪಾಯಿತು ಅಣ್ಣ ಎಂದೆ. ಅವರಿಗೆ ಸಂಕೋಚವಾಗಿ ಮೊಮ್ಮಗಳನ್ನು ಕರೆದು ಕಾಫಿ ತರಲು ಹೇಳಿದರು. ಡಿಸೆಂಬರಿನಲ್ಲಿ ಬೆಂಕಿ ಹಬ್ಬದಂತೆ ಪೊದೆ ಸವರುವ ಬೆಂಕಿ ರೇಖೆ ಕಡಿಯಲು ನಾನೂ ಬರುತ್ತೇನೆ, ಹೇಳಿ ಕಳುಹಿಸಿ ಎಂದೆ.

"ಡಿಸೆಂಬರಿನಲ್ಲಿ ನಿಮಗೆ ಕಾಫಿ ಕುಯ್ಲು ಇರುತ್ತದಲ್ಲ ಸಾಹುಕಾರರೇ" ಎಂದರು.

ಇರುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ. ಆದರೂ ಬರುತ್ತೇನೆ ಎಂದೆ. ಅವರು ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡುತ್ತ, "ನೋಡೋಣ" ಎಂದರು.