ಹಳಗನ್ನಡಕ್ಕೆ ಹೆದರಿ ಕನ್ನಡ ಬಿಡಬೇಕಾ?

ಮಾನ್ಯ ಸಂಪಾದಕರೇ,

ಡಿಗ್ರಿ ಕಾಲೇಜುಗಳಲ್ಲಿ ಅಡ್ಮಿಶನ್ ಶುರುವಾದರೆ ಸಾಕು, ಸೀನಿಯರ್‌ಗಳಿಂದ ಹಿಡಿದು ಪಕ್ಕದ ಮನೆಯ ಅಂಕಲ್‌ವರೆಗೆ ಎಲ್ಲರದ್ದೂ ಒಂದೇ ಉಪದೇಶ: ‘ಕನ್ನಡ ತಗೋಬೇಡ, ಹಳಗನ್ನಡ ಇರುತ್ತೆ, ಪರ್ಸೆಂಟೇಜ್ ಬೀಳುತ್ತೆ. ಸಂಸ್ಕೃತ ತಗೋ, ಸ್ಕೋರಿಂಗು.’ ನಾನೀಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ, ಫಿಸಿಕ್ಸ್ ಮತ್ತು ಗಣಿತ. ನಾಲ್ಕು ಸೆಮಿಸ್ಟರ್ ಕನ್ನಡ ಓದಿ ಮುಗಿಸಿದ್ದೇನೆ. ಈ ಉಪದೇಶ ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಸಂಸ್ಕೃತದ ಮೇಲೆ ನನಗೇನೂ ಸಿಟ್ಟಿಲ್ಲ. ಇಷ್ಟಪಟ್ಟು ಓದುವವರು ಓದಲಿ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ 125ಕ್ಕೆ 125 ಬರುತ್ತದೆ ಅಂತ ಅದನ್ನು ಪ್ರಥಮ ಭಾಷೆ ಮಾಡಿಕೊಂಡು, ಪಿಯುಸಿಯಲ್ಲೂ ಅದನ್ನೇ ಹಿಡಿದು, ಉತ್ತರಗಳನ್ನು ಮಾತ್ರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಬರುವವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಬೈದು ಏನು ಬಂತು? ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಲೆಕ್ಕಕ್ಕೇ ಇಲ್ಲ. ಹಾಗಿರುವಾಗ ಭಾಷೆಯ ಕಾಟ ಬೇಗ ಮುಗಿದರೆ ಸಾಕು ಅಂತ ಅನ್ನಿಸುವುದು ಸಹಜವೇ.

ಆದರೆ ಡಿಗ್ರಿಯಲ್ಲಿ ಈ ಭಯಕ್ಕೆ ಒಂದು ಲೆಕ್ಕ ಇದೆ, ಅದನ್ನು ಯಾರೂ ಮಾಡಿ ನೋಡುವುದಿಲ್ಲ. ನಮ್ಮಲ್ಲಿ ಕನ್ನಡಕ್ಕೆ 3 ಕ್ರೆಡಿಟ್, ಅಂದರೆ ಸರಾಸರಿಯಲ್ಲಿ ಆ ವಿಷಯಕ್ಕಿರುವ ತೂಕ. ಸೆಮಿಸ್ಟರಿಗೆ ಒಟ್ಟು 24 ಕ್ರೆಡಿಟ್ ಅಂತ ಇಟ್ಟುಕೊಳ್ಳಿ. ಬೇರೆ ಭಾಷೆಯಲ್ಲಿ 9 ಗ್ರೇಡ್ ಪಾಯಿಂಟ್ ಬರುವ ಕಡೆ ಕನ್ನಡದಲ್ಲಿ 8 ಬಂತು ಅಂದುಕೊಂಡರೆ ಎಸ್‌ಜಿಪಿಎ (ಆ ಸೆಮಿಸ್ಟರಿನ ಸರಾಸರಿ ಗ್ರೇಡ್) ಇಳಿಯುವುದು 3ನ್ನು 24ರಿಂದ ಭಾಗಿಸಿದಷ್ಟು, ಅಂದರೆ 0.125. ಭಾಷೆ ಇರುವುದು ಆರರಲ್ಲಿ ನಾಲ್ಕು ಸೆಮಿಸ್ಟರ್ ಮಾತ್ರ. ಹಾಗಾಗಿ ಡಿಗ್ರಿ ಮುಗಿಯುವಾಗ ಅದು 0.1ಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಮನೆಮಾತನ್ನು ಬಿಟ್ಟು ಓಡಬೇಕಾ? ಹಾಂ, 60 ಪರ್ಸೆಂಟ್ ಕಟ್‌ಆಫ್‌ನ ಅಂಚಿನಲ್ಲಿ ಇರುವವರಿಗೆ ಈ ಚೂರೂ ದೊಡ್ಡದೇ. ಅಂಥವರಿಗೆ ನಾನು ಬುದ್ಧಿ ಹೇಳಲು ಹೋಗುವುದಿಲ್ಲ.

ಹಳಗನ್ನಡ ಕಷ್ಟ ಅನ್ನುವುದು ಸುಳ್ಳಲ್ಲ. ಮೊದಲ ಸಲ ಪಂಪನ ಪದ್ಯ ನೋಡಿದಾಗ ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ. ಇಂಗ್ಲಿಷ್ ಮೀಡಿಯಂನಿಂದ ಬಂದವರ ಪಾಡು ಇನ್ನೂ ಕಷ್ಟ, ಒತ್ತಕ್ಷರ ಬಂದ ಕಡೆಯಲ್ಲೆಲ್ಲ ತಡವರಿಸುತ್ತಾರೆ. ನನ್ನನ್ನು ಕಾಪಾಡಿದ್ದು ಪ್ರಸ್ತಾರ, ಅಂದರೆ ಪದ್ಯದ ಮಾತ್ರೆಗಳನ್ನು ಗುರುತು ಹಾಕಿ ಎಣಿಸುವುದು. ನಾಲ್ಕು ಸಾಲಿನ ಕಂದಪದ್ಯದಲ್ಲಿ ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20, ಮೂರನೆಯದಕ್ಕೆ ಮತ್ತೆ 12, ನಾಲ್ಕನೆಯದಕ್ಕೆ 20. ಪೆನ್ಸಿಲ್ ಹಿಡಿದು ಪ್ರತಿ ಅಕ್ಷರದ ಮೇಲೆ ಲಘು (ಒಂದು ಮಾತ್ರೆ), ಗುರು (ಎರಡು ಮಾತ್ರೆ) ಅಂತ ಗುರುತು ಹಾಕುತ್ತಾ ಹೋದರೆ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಅನ್ನುವುದನ್ನು ಮರೆಯದಿದ್ದರೆ, ಲೆಕ್ಕ ಸರಿಯಾಗಿ ಕೂತುಬಿಡುತ್ತದೆ. ಒಮ್ಮೆ ಎಷ್ಟು ಸಲ ಎಣಿಸಿದರೂ ಎರಡನೇ ಸಾಲು 19ಕ್ಕೇ ನಿಲ್ಲುತ್ತಿತ್ತು. ಕೊನೆಗೆ ಲೈಬ್ರರಿಯ ಪುಸ್ತಕದ ಜೊತೆ ಹೋಲಿಸಿ ನೋಡಿದರೆ ನನ್ನ ಗೈಡ್‌ನಲ್ಲೇ ಒಂದು ಅಕ್ಷರ ಬಿಟ್ಟುಹೋಗಿದೆ! ಸಾವಿರ ವರ್ಷದ ಹಿಂದಿನ ಪದ್ಯ ತನ್ನ ಮುದ್ರಣದೋಷವನ್ನು ತಾನೇ ಹಿಡಿದುಕೊಡುತ್ತದೆ ಅಂದರೆ ಫಿಸಿಕ್ಸ್ ಓದುವವಳಿಗೆ ಖುಷಿ ಆಗದೇ ಇರುತ್ತಾ? ಅರ್ಥ ಗೊತ್ತಾಗದ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿ ನಿಘಂಟುಗಳಿವೆ, ಪುಕ್ಕಟೆ. ಲ್ಯಾಬ್ ರೆಕಾರ್ಡ್ ಬರೆಯುವ ದಿನಗಳಲ್ಲಿ ಕನ್ನಡಕ್ಕೆ ಟೈಮ್ ಸಿಗುವುದಿಲ್ಲ, ನಿಜ. ಕ್ಲಾಸ್ ಆದ ದಿನವೇ ಪದ್ಯವನ್ನು ಒಂದೆರಡು ಸಲ ಗಟ್ಟಿಯಾಗಿ ಓದಿಕೊಂಡರೆ ಪರೀಕ್ಷೆಯ ಹಿಂದಿನ ರಾತ್ರಿ ಅದು ಹೊಸ ಭಾಷೆಯ ಹಾಗೆ ಕಾಣುವುದಿಲ್ಲ.

ನನ್ನ ತಕರಾರು ಇರುವುದು ಪಠ್ಯದ ಮೇಲಲ್ಲ, ಪರೀಕ್ಷೆಯ ಮೇಲೆ. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂತು, 2024ರಲ್ಲಿ ಅದು ಹೋಗಿ ರಾಜ್ಯದ್ದೇ ಪಠ್ಯಕ್ರಮ ಬಂತು, ಪ್ರಶ್ನೆಗಳು ಮಾತ್ರ ಅವೇ. ‘ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ’ ಅಂದರೆ ಗೈಡ್‌ನ ನಾಲ್ಕು ಸಾಲು, ದೊಡ್ಡ ಪ್ರಶ್ನೆಗೆ ಗೈಡ್‌ನ ಮೂರು ಪುಟ. ಅಸೈನ್‌ಮೆಂಟ್ ಅಂದರೂ ಅದನ್ನೇ ಎ4 ಹಾಳೆಗೆ ಇಳಿಸಿ ಕೊಡುವುದು. ಪದ್ಯದ ಒಂದು ಸಾಲನ್ನೂ ನೆಟ್ಟಗೆ ಓದಲು ಬಾರದವರು ಪುಟ ತುಂಬಿಸಿ 90 ತೆಗೆಯಬಹುದು, ಪದ್ಯವನ್ನು ಬಿಡಿಸಿ ಓದಬಲ್ಲವರು ಚಿಕ್ಕದಾಗಿ ಬರೆದು 65ಕ್ಕೆ ನಿಲ್ಲಬಹುದು. ಕನ್ನಡ ತಗೊಂಡರೆ ಮಾರ್ಕ್ಸ್ ಬರಲ್ಲ ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ.

ನಮ್ಮ ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಎಲ್ಲಿ ಪದ ಒಡೆಯಬೇಕು, ಎಲ್ಲಿ ಉಸಿರು ನಿಲ್ಲಿಸಬೇಕು ಅನ್ನುವುದು ಕಿವಿಗೇ ತಿಳಿಯುತ್ತದೆ. ಇದನ್ನೇ ಕ್ಲಾಸಿಗೆ ತರಬಹುದಲ್ವಾ? ಹಾಡಬೇಕಾಗಿಲ್ಲ. ಇಂಟರ್ನಲ್ ಅಂಕದಲ್ಲಿ ಅರ್ಧ ಭಾಗ ಇದಕ್ಕೇ ಇಡಿ: ಪಠ್ಯದಲ್ಲಿ ಇಲ್ಲದ ಒಂದು ಪದ್ಯ ಕೊಟ್ಟು, ಕೈಗೆ ನಿಘಂಟೂ ಕೊಟ್ಟು, ಓದಿಸಿ, ಬಿಡಿಸಿ ಹೇಳಿಸಿ. ತಡವರಿಸುವವರಿಗೆ ಮೊದಲ ಸೆಮಿಸ್ಟರಿನ ಶುರುವಿನಲ್ಲಿ ಒಂದು ವಾರ ಸುಮ್ನೆ ಓದುವ ಅಭ್ಯಾಸ ಮಾಡಿಸಿ, ಆ ವಾರಕ್ಕೆ ಅಂಕವೇ ಬೇಡ. ನೂರು ಜನರ ಕ್ಲಾಸಿನಲ್ಲಿ ಇದೆಲ್ಲ ಆಗುತ್ತಾ ಅಂತ ಮೇಷ್ಟ್ರುಗಳು ಕೇಳಬಹುದು. ಫಿಸಿಕ್ಸ್ ಪ್ರಾಕ್ಟಿಕಲ್‌ಗೆ ನಮ್ಮನ್ನು ಬ್ಯಾಚ್ ಮಾಡುತ್ತಾರೆ. ಕನ್ನಡಕ್ಕೂ ಹಾಗೆಯೇ ಮಾಡಲಿ.

ಇಂತಿ,
ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿನಿ, ಶಿವಮೊಗ್ಗ